ಬೀಗರೆದುರು ರಾಜ್ಮಾ ಬಟ್ಟಲು

ನಮ್ಮ ವಂಶದಲ್ಲಿ ಮಾಂಸ ಪಾಲು ಹಾಕುವವನು ನಾನು. ಮೂವತ್ತನಾಲ್ಕು ವರ್ಷದಿಂದ ತಲಾಸ್ ಕಣಿವೆಯ ಈ ಊರಿನಲ್ಲಿ ನಮ್ಮವರ ಯಾವ ಮದುವೆಯಲ್ಲೂ, ಯಾವ ಸಾವಿನ ಊಟದಲ್ಲೂ ಬೇರೆಯವರ ಚಾಕು ಬೆಂದ ಕುರಿಗೆ ತಾಗಿದ್ದಿಲ್ಲ. ತಲೆ ಯಾರಿಗೆ, ಸೊಂಟದ ಮೂಳೆ ಯಾರಿಗೆ, ಬಾಲದ ಮೂಳೆ ಯಾವ ಮುದುಕಿಗೆ, ಎದೆಯ ತುಂಡು ಯಾವ ಅಳಿಯನಿಗೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಬ್ಬನಿಗೆ ಸಲ್ಲಬೇಕಾದ ಮೂಳೆ ಇನ್ನೊಬ್ಬನ ಮುಂದೆ ಹೋದರೆ ನಮ್ಮಲ್ಲಿ ಹತ್ತು ವರ್ಷ ಮಾತು ಬಿಡುತ್ತಾರೆ. ಮೂಳೆಯನ್ನು ಕಡಿಯುವಂತಿಲ್ಲ, ಕೀಲು ಹುಡುಕಿ ಬಿಡಿಸಬೇಕು. ಬೀಗರ ಮುಂದೆ ಮೂಳೆ ಮುರಿದರಂತೂ ಸಂಬಂಧವೇ ಮುರಿಯುತ್ತದೆಂದು ನಮ್ಮವರ ನಂಬಿಕೆ.

ಇಂಥ ನಾನು, ಕಲ್ಮುರತ್, ಹನ್ನೊಂದು ತಿಂಗಳಿಂದ ಮಾಂಸ ಬಾಯಿಗಿಟ್ಟಿಲ್ಲ.

ಕಾರಣ ಕೇಳಿದವರಿಗೆ ಹೇಳಿಲ್ಲ. ಇಲ್ಲಿ ಹೇಳುತ್ತೇನೆ. ನನ್ನ ಹೆಂಡತಿ ಜೂರಾ ಹನ್ನೆರಡು ವರ್ಷ ಒಂದು ಕಂದು ಕುದುರೆಯ ಹಾಲು ಕರೆದಳು. ಅವಳು ಹೋದ ವರ್ಷದ ವಸಂತದಲ್ಲಿ ತೀರಿಕೊಂಡಳು. ಚಳಿಗಾಲದ ಮಾಂಸಕ್ಕೆಂದು ಆ ಕುದುರೆಯನ್ನೇ ಕೊಯ್ಯೋಣ, ಇನ್ನು ಅದನ್ನು ಕರೆಯುವವರು ಯಾರು ಎಂದು ಮಕ್ಕಳು ಹೇಳಿದಾಗ ನಾನು ಬೇಡವೆನ್ನಲಿಲ್ಲ. ನಾನೇ ಕೀಲು ಬಿಡಿಸಿದೆ. ಎಲ್ಲರಿಗೂ ಪಾಲು ಹಾಕಿ ನನ್ನ ತುಂಡನ್ನು ಬಾಯಿಗಿಟ್ಟೆ. ಇಳಿಯಲಿಲ್ಲ. ಆವತ್ತಿಗೆ ಮುಗಿಯಿತು. ಬೇಡವೆನ್ನಬೇಕಾದ ದಿನ ಬಾಯಿ ಮುಚ್ಚಿಕೊಂಡಿದ್ದೆನಲ್ಲ ಎಂಬ ಸಿಟ್ಟು ನನಗೆ ನನ್ನ ಮೇಲೇ ಇನ್ನೂ ಇದೆ.

ಮಾಂಸ ಬಿಡುವುದು ಸುಲಭ, ಬಿಟ್ಟ ಮೇಲೆ ಏನು ತಿನ್ನಬೇಕೆಂಬುದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮಾಂಸ ಬೇಡವೆಂದರೆ ಕೋಳಿ ತರುತ್ತಾರೆ. ಕೋಳಿಯೂ ಬೇಡವೆಂದರೆ ತುಂಡುಗಳನ್ನು ಆರಿಸಿ ತೆಗೆದು ಸಾರನ್ನು ಮುಂದಿಡುತ್ತಾರೆ. ಮೊದಲ ಎರಡು ತಿಂಗಳು ನಾನು ರೊಟ್ಟಿ, ಚಹಾ, ಆಲೂಗಡ್ಡೆಯ ಮೇಲೆ ಬದುಕಿದೆ. ಏಣಿ ಹತ್ತಿದರೆ ತಲೆ ಸುತ್ತುತ್ತಿತ್ತು. ಆಗ ಕಿರಿಮಗನ ಹೆಂಡತಿ ಗುಲ್ಸಾನಾ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅವಳು ಅಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ.

"ಮಾವ, ನಿಮ್ಮ ರಕ್ತ ನೀರಾಗಿದೆ," ಎಂದಳು. "ಮಾಂಸ ಬಿಟ್ಟಿದ್ದಕ್ಕಲ್ಲ. ಅದರ ಜಾಗಕ್ಕೆ ಏನೂ ಹಾಕ್ದೆ ಇರೋದಕ್ಕೆ."

"ಏನು ಹಾಕೋದಮ್ಮ? ಹುಲ್ಲಾ?"

"ಅಂಗಳದಲ್ಲಿ ಏನು ಬಿದ್ದಿದೆ, ನೋಡಿ."

ಅಂಗಳದಲ್ಲಿ ನಲವತ್ತು ಮೂಟೆ ರಾಜ್ಮಾ ಬಿದ್ದಿತ್ತು. ನಮ್ಮ ಇಡೀ ಕಣಿವೆ ಬದುಕುವುದೇ ರಾಜ್ಮಾದಿಂದ. ಬಿತ್ತುತ್ತೇವೆ, ಬಡಿಯುತ್ತೇವೆ, ಬಣ್ಣ ನೋಡಿ ಬೇರೆ ಮಾಡುತ್ತೇವೆ, ತುರ್ಕಿಯವರ ಲಾರಿಗೆ ತುಂಬಿಸಿ ಕಳಿಸುತ್ತೇವೆ. ತಿನ್ನುವುದಿಲ್ಲ. ಅದು ತಿನ್ನುವ ವಸ್ತುವೆಂದು ನಮಗೆ ಯಾವತ್ತೂ ಅನ್ನಿಸಿಲ್ಲ.

ಆವತ್ತೇ ಒಂದು ಹಿಡಿ ತಂದು, ಆಲೂಗಡ್ಡೆ ಬೇಯಿಸುವಷ್ಟೇ ಹೊತ್ತು ಬೇಯಿಸಿ ತಿಂದೆವು. ಮಾವ ಸೊಸೆ ಇಬ್ಬರೂ ಇಡೀ ದಿನ ವಾಂತಿ ಮಾಡಿಕೊಂಡೆವು. ಮೂವತ್ತು ವರ್ಷ ರಾಜ್ಮಾ ಬೆಳೆದವನು ರಾಜ್ಮಾ ತಿಂದು ಬಿದ್ದಿದ್ದಾನೆಂದು ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗುಲ್ಸಾನಾ ಬಿಡುವ ಹೆಣ್ಣಲ್ಲ. ಮೂಟೆ ತೂಗಿಸಲು ಬಂದ ತುರ್ಕಿಯವನನ್ನೇ ಹಿಡಿದು ಕೇಳಿದಳು. ರಾತ್ರಿಯಿಡೀ ನೆನೆಹಾಕಬೇಕು, ಆ ನೀರನ್ನು ಚೆಲ್ಲಬೇಕು, ಹೊಸ ನೀರಿನಲ್ಲಿ ಕುದಿ ಬಂದ ಮೇಲೂ ಜೋರು ಉರಿಯಲ್ಲೇ ಇಟ್ಟು, ಆಮೇಲೆ ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗುವ ತನಕ ಬೇಯಿಸಬೇಕು ಎಂದು ಅವನು ಹೇಳಿಕೊಟ್ಟ. ಈರುಳ್ಳಿ, ಗಜ್ಜರಿ, ಟೊಮೆಟೊ ಹುರಿದು ಕಾಳು ಹಾಕಿ, ಮೇಲೆ ಹಸಿ ದೊಣ್ಣೆಮೆಣಸು ಹೆಚ್ಚಿ ಉದುರಿಸಿ ನನ್ನ ಮುಂದಿಟ್ಟಳು. ಮೆಣಸು ಇದ್ದರೆ ಕಾಳಿನ ಸತ್ವ ಮೈಗೆ ಹತ್ತುತ್ತದಂತೆ. ಊಟದ ಜೊತೆಗೆ ಕುಡಿಯುತ್ತಿದ್ದ ಚಹಾ ಕಿತ್ತುಕೊಂಡಳು, ಒಂದು ಗಂಟೆ ಬಿಟ್ಟು ಕುಡಿಯಿರಿ ಎಂದಳು. ಬೆಳಿಗ್ಗೆ ಅಣಬೆ ಹಾಕಿದ, ಗ್ರೆಚ್ಕಾ ಎಂಬ ಧಾನ್ಯದ ನುಚ್ಚು, ಮಧ್ಯಾಹ್ನ ಕಾಳು, ಸಂಜೆ ಸಿಹಿಗುಂಬಳದ ಹಬೆ ಕಡುಬಿಗೆ ಗಟ್ಟಿ ಮೊಸರು, ಜೇಬಿನಲ್ಲಿ ಅಕ್ರೋಟು. ಕಡುಬಿನೊಳಗೆ ಎಲ್ಲರೂ ಹಾಕುವ ಕುರಿಬಾಲದ ಕೊಬ್ಬನ್ನು ಅವಳು ಹಾಕಲಿಲ್ಲ, ಬೆಣ್ಣೆ ಹಾಕಿದಳು. ಆರು ತಿಂಗಳಿಗೆ ಮತ್ತೆ ರಕ್ತ ನೋಡಿ, "ಮಾವ, ನಿಮ್ಮ ಮಗನ ರಕ್ತಕ್ಕಿಂತ ಚೆನ್ನಾಗಿದೆ," ಎಂದಳು. ಆ ಕಾಗದವನ್ನು ನಾನು ಮಡಿಸಿ ಟೋಪಿಯೊಳಗೆ ಇಟ್ಟುಕೊಂಡೆ.

ಹೀಗಿರುವಾಗ ಕಳೆದ ವಾರ ಅಣ್ಣ ಎಸೆನ್‌ಬಾಯ್ ಬಂದ. ಅವನು ವಂಶಕ್ಕೆ ಹಿರಿಯ. ನನ್ನ ಬಟ್ಟಲಿನೊಳಗೆ ಇಣುಕಿ ನೋಡಿ ಮೂಗು ಮುರಿದ.

"ಏನೋ, ಮೇಯೋದು ಇನ್ನೂ ನಿಲ್ಲಿಸಿಲ್ವಾ?"

"ಕೂತ್ಕೋ ಅಣ್ಣ. ನಿನಗೂ ಸ್ವಲ್ಪ ಹಾಕಿಸ್ಲಾ?"

"ನನ್ನ ಕುದುರೆಗೆ ಹಾಕು. ಭಾನುವಾರ ನಾರಿನ್‌ನಿಂದ ಬೀಗರು ಬರ್ತಾರೆ, ನನ್ನ ಮಗಳ ಮದುವೆ ಮಾತು ಮುಗಿಸೋಕೆ. ಪಾಲು ನೀನೇ ಹಾಕ್ಬೇಕು. ಆದ್ರೆ ನಿನ್ನ ಪಾಲಿನ ಮೂಳೆ ಬಂದಾಗ ಅವರ ಮುಂದೆ ಒಂದು ತುತ್ತು ತಿನ್ನು. ಆಮೇಲೆ ಮನೆಗೆ ಬಂದು ಬೇಕಾದ್ರೆ ಮರದ ತೊಗಟೆ ತಿನ್ಕೋ."

"ತಿನ್ನಲ್ಲ."

"ಹಾಗಾದ್ರೆ ಕಾಯಿಲೆ ಅಂತ ಹೇಳು. ಡಾಕ್ಟರು ಬೇಡ ಅಂದಿದಾರೆ ಅಂತ ನಾನೇ ಹೇಳ್ತೀನಿ. ಕಾಯಿಲೆಯವನನ್ನ ಯಾರೂ ಏನೂ ಅನ್ನಲ್ಲ."

"ನಂಗೆ ಕಾಯಿಲೆ ಇಲ್ವಲ್ಲ ಅಣ್ಣ."

ಎಸೆನ್‌ಬಾಯ್ ಗಡ್ಡ ನೀವಿಕೊಂಡ. "ಕಲ್ಮುರತ್, ಬಡಿಸೋನೇ ತಿನ್ಲಿಲ್ಲ ಅಂದ್ರೆ ಅದರಲ್ಲಿ ಏನೋ ಕಲಸಿದಾನೆ ಅಂತ ಜನ ಅಂದ್ಕೋತಾರೆ. ತಿನ್ನು, ಇಲ್ಲ ಕಾಯಿಲೆ ಅನ್ನು. ಎರಡೂ ಆಗಲ್ಲ ಅಂದ್ರೆ ಇನ್ಮೇಲೆ ಪಾಲು ಹಾಕೋದು ನನ್ನ ಮಗ ತೆಮಿರ್ಲಾನ್. ನೀನು ಮನೇಲಿರು."

ಹೆಂಡತಿ ಹೋದಳು, ಕುದುರೆ ಹೋಯಿತು. ನನ್ನದೆಂದು ಉಳಿದಿದ್ದು ಆ ಕೆಲಸವೊಂದೇ. ಒಂದು ಸುಳ್ಳು ಹೇಳಿದ್ದರೆ ಅದು ಉಳಿಯುತ್ತಿತ್ತು. ಅಣ್ಣನನ್ನು ಬಾಗಿಲ ತನಕ ಬಿಟ್ಟುಬಂದೆ.

ಭಾನುವಾರ ಚಾಕು ಮಸೆದುಕೊಂಡು ಹೋದೆ. ನಾನು ಒಪ್ಪಿದೆನೆಂದೇ ಅಣ್ಣ ಅಂದುಕೊಂಡ. ಗುಲ್ಸಾನಾಗೆ ಒಂದು ಬಟ್ಟಲು ರಾಜ್ಮಾ ತರಲು ಹೇಳಿದ್ದೆ. ಬಟ್ಟೆ ಕಟ್ಟಿ ತಂದಿದ್ದಳು.

ಊಟದ ಹಾಸಿನ ಮೇಲಿನ ತುದಿಯಲ್ಲಿ ಬೀಗರ ಕಡೆಯ ಹಿರಿಯ, ಜಮಾನ್‌ಕುಲ್ ಎಂಬ ದಪ್ಪ ಕುತ್ತಿಗೆಯ ಮುದುಕ ಕೂತಿದ್ದ. ಗುಲ್ಸಾನಾ ಕಿರಿಯ ಸೊಸೆಯಾದ್ದರಿಂದ ಬಾಗಿಲ ಬಳಿ ಚಹಾ ಬಗ್ಗಿಸುತ್ತಿದ್ದಳು. ನಾನು ಮೊದಲ ಕುರಿ ಬಿಡಿಸಿದೆ. ತಲೆ ಜಮಾನ್‌ಕುಲ್‌ನಿಗೆ, ಬಾಲದ ಮೂಳೆ ಅವನ ಹೆಂಡತಿಗೆ, ಸೊಂಟದ ಮೂಳೆಗಳಲ್ಲಿ ಒಂದು ಅಣ್ಣನಿಗೆ, ಒಂದು ವಾಡಿಕೆಯಂತೆ ನನಗೆ. ಒಂದು ಮೂಳೆಗೂ ಗೀರು ಬೀಳಲಿಲ್ಲ. ಜಮಾನ್‌ಕುಲ್ ತಲೆದೂಗಿ, "ಕೈ ಅಂದ್ರೆ ಇದಪ್ಪ," ಎಂದ.

ಎಲ್ಲರೂ ತಿನ್ನಲು ಶುರು ಮಾಡಿದರು. ನಾನು ಬಟ್ಟೆ ಬಿಚ್ಚಿ ಬಟ್ಟಲು ಮುಂದಿಟ್ಟುಕೊಂಡೆ.

"ಅದೇನದು?" ಎಂದ ಜಮಾನ್‌ಕುಲ್.

"ರಾಜ್ಮಾ."

"ಮೂಳೆ ಬಿಟ್ಟು ಇದ್ಯಾಕೆ ತಿಂತಿದೀರಿ?"

ಅಣ್ಣ ಬಾಯಲ್ಲಿದ್ದುದನ್ನು ಅಗಿಯದೆ ನುಂಗಿದ. "ಹುಷಾರಿಲ್ಲ ಬೀಗ್ರೇ ಅವನಿಗೆ. ಹೊಟ್ಟೆ ಕಾಯಿಲೆ. ಡಾಕ್ಟರು ಬಹಳ ಕಟ್ಟುನಿಟ್ಟು ಮಾಡಿದಾರೆ."

"ಅಯ್ಯೋ ಪಾಪ," ಎಂದ ಮುದುಕ. ಸುತ್ತ ಕೂತವರೆಲ್ಲ ನನ್ನನ್ನು ಮರುಕದಿಂದ ನೋಡಿದರು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡು ಒಮ್ಮೆ ಕಳೆದುಕೊಂಡವನು ನಾನು.

"ನಂಗೇನೂ ಆಗಿಲ್ಲ ಬೀಗ್ರೇ," ಎಂದೆ. ಟೋಪಿಯೊಳಗಿಂದ ಕಾಗದ ತೆಗೆದು ಹಾಸಿನ ಮೇಲಿಟ್ಟೆ. "ರಕ್ತದ ಲೆಕ್ಕ ಇದರಲ್ಲಿದೆ. ಓದಿಸಿಕೊಳ್ಳಿ. ನಾನು ಮಾಂಸ ತಿನ್ನಲ್ಲ, ಅಷ್ಟೆ. ನಂಗೆ ಬೇಡ."

"ಯಾಕೆ?"

"ಅದು ನನ್ನ ಗಂಟಲಿಗೂ ನನಗೂ ಇರೋ ಮಾತು."

ಜಮಾನ್‌ಕುಲ್ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದ. ಅಣ್ಣನ ಮುಖ ಕಪ್ಪಿಟ್ಟಿತು. ನಾನು ನನ್ನ ಸೊಂಟದ ಮೂಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಬಳಿಗೆ ನಡೆದೆ. ಹಿರಿಯರು ತಮ್ಮ ಪಾಲಿನಿಂದ ಸೊಸೆಗೆ ಒಂದು ಚೂರು ಕೊಡುವುದು ನಮ್ಮಲ್ಲಿದೆ. ಇಡೀ ಮೂಳೆ ಕೊಟ್ಟವರಿಲ್ಲ.

"ತಗೋಮ್ಮ," ಎಂದೆ. "ಒಂಬತ್ತು ತಿಂಗಳು ನಂಗೆ ಅನ್ನ ಹಾಕಿದೋಳು ನೀನು. ಈ ಮೂಳೆ ನಿಂದು."

ಗುಲ್ಸಾನಾ ಚಹಾ ಪಾತ್ರೆ ಕೆಳಗಿಟ್ಟು, ಎರಡೂ ಕೈಯೊಡ್ಡಿ ತೆಗೆದುಕೊಂಡಳು. ತಲೆ ತಗ್ಗಿಸಲಿಲ್ಲ.

"ಕಲ್ಮುರತ್," ಎಂದ ಅಣ್ಣ, "ಚಾಕು ಇಲ್ಲಿಡು. ಎರಡನೇ ಕುರಿ ತೆಮಿರ್ಲಾನ್ ಬಿಡಿಸ್ತಾನೆ."

ಚಾಕು ಒರೆಸಿ ಅವನ ಮುಂದಿಟ್ಟು ನನ್ನ ಜಾಗಕ್ಕೆ ಬಂದು ಕೂತೆ. ತೆಮಿರ್ಲಾನ್ ತೋಳೇರಿಸಿಕೊಂಡು ಕುರಿಯ ತೊಡೆಗೆ ಚಾಕು ಹಾಕಿದ. ಕೀಲಿನ ಎರಡು ಬೆರಳು ಮೇಲೆ ಹಾಕಿದ. ಬಿಡದಿದ್ದಾಗ ಚಾಕುವಿನ ಬೆನ್ನಿಗೆ ಗುದ್ದಿದ. ಮೂಳೆ ಲಟಕ್ಕೆಂದಿತು.

ಜಮಾನ್‌ಕುಲ್‌ನ ಹೆಂಡತಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ತೆಮಿರ್ಲಾನ್‌ನ ಕೈಯಲ್ಲಿ ಬಿರುಕುಬಿಟ್ಟ ಮೂಳೆ, ತಟ್ಟೆಯಲ್ಲಿ ಬಿಡಿಸಬೇಕಾದವು ಇನ್ನೂ ಹನ್ನೊಂದು. ಮುದುಕ ಸೀಳಿನ ಕಡೆ ನೋಡಿದ, ಆಮೇಲೆ ಅಣ್ಣನ ಕಡೆ ನೋಡಿದ.

"ಮುಂದಿನದು ಮುರಿದ್ರೆ ನಾವು ಎದ್ದು ಹೋಗ್ತೀವಿ," ಎಂದ. "ಮೊದಲು ಬಿಡಿಸಿದವರನ್ನೇ ಕರೀರಿ."

"ಕಲ್ಮುರತ್, ಬಾ," ಎಂದ ಅಣ್ಣ.

ನಾನು ಚಮಚ ಎತ್ತಿಕೊಂಡೆ. "ಕಾಯಿಲೆಯವನ ಕೈಲಿ ಯಾಕೆ ಬಿಡಿಸ್ತೀಯ ಅಣ್ಣ? ಮೊದಲು ಹೇಳು."

"ಏನು ಹೇಳ್ಬೇಕು?"

"ಇರೋದನ್ನ."

ಅಣ್ಣ ನನ್ನನ್ನೇ ದಿಟ್ಟಿಸಿದ. ಅರವತ್ತು ವರ್ಷದಲ್ಲಿ ಅವನು ನನ್ನೆದುರು ಸೋತದ್ದಿಲ್ಲ. ಹಾಸಿನ ಮೇಲಿದ್ದ ಕಾಗದವನ್ನು ಎರಡು ಬೆರಳಲ್ಲಿ ನನ್ನ ಕಡೆ ಸರಿಸಿದ.

"ಬೀಗ್ರೇ, ನನ್ನ ತಮ್ಮನಿಗೆ ಕಾಯಿಲೆ ಇಲ್ಲ," ಎಂದ ನೆಲ ನೋಡುತ್ತ. "ಅವನು ಮಾಂಸ ತಿನ್ನಲ್ಲ. ನಮ್ಮ ಮನೇಲಿ ಪಾಲು ಹಾಕೋನು ಅವನೇ."

ಬಾಗಿಲ ಬಳಿ ಗುಲ್ಸಾನಾ ಮೂಳೆಯಿಂದ ಒಂದು ಎಳೆ ಕಿತ್ತು ಬಾಯಿಗಿಟ್ಟುಕೊಂಡಳು, ಎಲ್ಲರಿಗೂ ಕಾಣುವಂತೆ.

"ಬಂದೆ," ಎಂದೆ. "ಕಾಳು ಆರಿಹೋಗತ್ತೆ, ಇಷ್ಟು ತಿಂದು ಬರ್ತೀನಿ."

ಬಟ್ಟಲಿನಲ್ಲಿ ಆರು ಚಮಚ ಉಳಿದಿತ್ತು. ಇಡೀ ಮನೆ ಕಾಯುತ್ತಿದ್ದಂತೆ ಆರೂ ತಿಂದೆ, ನಿಧಾನಕ್ಕೆ. ಆಮೇಲೆ ಎದ್ದುಹೋಗಿ ತೆಮಿರ್ಲಾನ್‌ನ ಕೈಯಿಂದ ನನ್ನ ಚಾಕು ತೆಗೆದುಕೊಂಡೆ.