ಅಂದಾಜಿಗೆ ಕತ್ತರಿಸಿದ ಕೆಂಪು ಕೋಟು

ಮದುವೆ ನೋಂದಣಿ ಹನ್ನೊಂದೂವರೆಗೆ. ಒಂಬತ್ತೂವರೆಗೆ ನಾನು ನನ್ನ ಹೊಲಿಗೆ ಅಂಗಡಿಯ ಕನ್ನಡಿಯ ಮುಂದೆ ನಿಂತು, ಈ ಮದುವೆ ಬೇಡವೇ ಬೇಡ ಎಂದು ಕೂಗಾಡುತ್ತಿದ್ದೆ.

ಮೂವತ್ತು ವರ್ಷ ಊರವರಿಗೆಲ್ಲ ಕೋಟು ಹೊಲಿದವಳು ನಾನು. ನನ್ನ ಮದುವೆಗೆ ನಾನೇ ಹೊಲಿದುಕೊಂಡ ಕೆಂಪು ಕೋಟು ಮೈಮೇಲೆ ಗೋಣಿಚೀಲದಂತೆ ಜೋತುಬಿದ್ದಿತ್ತು. ಭುಜದ ಹೊಲಿಗೆ ತೋಳಿಗೆ ಇಳಿದಿತ್ತು. ಕೈಬೆರಳುಗಳು ಕಾಣುತ್ತಲೇ ಇರಲಿಲ್ಲ.

"ನೋಡೇ, ಹೇಗೆ ಬತ್ತಿಹೋಗಿದೀನಿ! ಐವತ್ತೆರಡಕ್ಕೇ ಒಣಮೆಣಸಿನಕಾಯಿ. ನಿನ್ನ ಭಾವನಿಗೆ ಫೋನ್ ಮಾಡು, ಬರೋದು ಬೇಡ ಅನ್ನು," ಎಂದೆ.

ಗುಂಡಿ ಆರಿಸುತ್ತಿದ್ದ ತಂಗಿ ತಲೆಯೆತ್ತಿದಳು. "ಅಕ್ಕಾ, ಇದನ್ನ ಯಾರ ಅಳತೆಗೆ ಕತ್ತರಿಸಿದೆ?"

"ನನ್ನದೇ ಅಳತೆಗೆ."

"ಟೇಪ್ ಹಿಡಿದು ನೋಡಿದ್ಯಾ?"

ಗಿರಾಕಿ ಹತ್ತನೇ ಸಲ ಬಂದರೂ ಹೊಸದಾಗಿ ಟೇಪ್ ಹಿಡಿಯದೆ ಕತ್ತರಿ ಮುಟ್ಟುವವಳಲ್ಲ ನಾನು. ಆದರೆ ನನ್ನ ಮೈಗೆ ಟೇಪ್ ತಾಗಿ ಎಂಟು ವರ್ಷವಾಗಿತ್ತು. "ನಿನಗೆ ವಯಸ್ಸಾಯ್ತು, ನಾನಿನ್ನೂ ಬದುಕಬೇಕು" ಎಂದು ಮೊದಲ ಗಂಡ ಪೆಟ್ಟಿಗೆ ಎತ್ತಿಕೊಂಡು ಹೊರಟ ದಿನದಿಂದ. ಅವನು ನನಗಿಂತ ಆರು ವರ್ಷ ದೊಡ್ಡವನು. ಆಗ ನನಗೆ ಅದೂ ಹೊಳೆಯಲಿಲ್ಲ. ಅವನ ಮಾತು ನಂಬಿ, ಬೂದಿಬಣ್ಣದ ಬಟ್ಟೆಯನ್ನು ಅಂದಾಜಿಗೆ ದೊಗಳೆಯಾಗಿ ಹೊಲಿದುಕೊಂಡು ಮುದುಕಿಯಂತೆ ಓಡಾಡಿದೆ. ಈ ಸಲ ಬಟ್ಟೆಯೇನೋ ಕೆಂಪು ತಂದಿದ್ದೆ. ಕೈ ಮಾತ್ರ ಆ ಮುದುಕಿಗೇ ಕತ್ತರಿಸಿತ್ತು.

ತಂಗಿ ಟೇಪ್ ತಂದಳು. "ಕೋಟು ಬಿಚ್ಚು, ಕೈ ಎತ್ತು. ಹೊಟ್ಟೆ ಒಳಗೆ ಎಳ್ಕೋಬೇಡ, ಮೋಸ ನಡೆಯಲ್ಲ... ಎದೆ ಮೂವತ್ತಾರು!" ಆಮೇಲೆ ಕೋಟನ್ನು ಅಳೆದಳು. "ಇದು ನಲವತ್ತೆಂಟು! ಭಾವನೂ ಒಳಗೆ ಹಿಡಿಸ್ತಾರೆ ಬಿಡು."

ಅಳತೆ ಪುಸ್ತಕದಲ್ಲಿ ನನ್ನ ಹಳೆಯ ಪುಟ ಹುಡುಕಿದೆ. ಎದೆ ಮೂವತ್ತೈದೂವರೆ. ಎಂಟು ವರ್ಷಕ್ಕೆ ಅರ್ಧ ಅಂಗುಲ! ಅರ್ಧ ಅಂಗುಲಕ್ಕಾಗಿ ಎಂಟು ವರ್ಷ ಮೂಲೆ ಹಿಡಿದು ಕೂತಿದ್ದೆನೇ? ಸಿಟ್ಟು ನೆತ್ತಿಗೇರಿತು. ಕುಣಿಯುವಂತಹ ಸಿಟ್ಟು.

"ಹೊಲಿಗೆ ಬಿಚ್ಚೇ, ಬೇಗ!"

ಅವಳು ಬಿಚ್ಚಿದಳು, ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕತ್ತರಿ ಓಡಿತು. ಮಿಷನ್ ತುಳಿದ ರಭಸಕ್ಕೆ ಮೇಜಿನ ಮೇಲಿದ್ದ ದಾರದ ಉಂಡೆಗಳೆಲ್ಲ ಕೆಳಗುರುಳಿದವು.

ಹನ್ನೊಂದಕ್ಕೆ ಬಾಗಿಲಲ್ಲಿ ನನ್ನ ಮದುಮಗ ನಿಂತಿದ್ದರು. ಬಸ್ ಡ್ರೈವರ್, ಹೆಂಡತಿ ಸತ್ತು ಐದು ವರ್ಷ, ವಯಸ್ಸು ಐವತ್ತಾರು. ಮೀಸೆಗೆ ಬಣ್ಣ ಬಳಿದುಕೊಂಡು ತುಟಿಯನ್ನೂ ಕಪ್ಪು ಮಾಡಿಕೊಂಡಿದ್ದರು.

"ಏನ್ರೀ ಇದು, ಗ್ರೀಸ್ ಕುಡಿದ್ರಾ?"

"ಉಜ್ಜಿದ್ರೂ ಹೋಗ್ತಿಲ್ಲ ಕಣ್ರೀ. ಸ್ವಲ್ಪ ಹುಡುಗನ ಥರ ಕಾಣೋಣ ಅಂತ..."

"ನನಗೆ ಹುಡುಗ ಬೇಡ. ಬನ್ನಿ, ಈ ತೋಳು ಬಿಗಿಯಾಗಿ ಹಿಡ್ಕೊಳ್ಳಿ, ಬಸ್ಸಿನ ಸ್ಟೀರಿಂಗ್ ಥರ."

ಹಿಡಿದರು. ನಾನು ಹೊಲಿದೆ. ಎಡತೋಳಿನ ಅಂಚಿಗೆ ಸಮಯ ಸಾಲಲಿಲ್ಲ, ಕಚ್ಚಾ ಹೊಲಿಗೆಯ ಬಿಳಿ ದಾರ ಹಾಗೇ ಉಳಿಯಿತು. ತೊಟ್ಟುಕೊಂಡೆ. ಭುಜ ಭುಜದ ಮೇಲೇ ಕೂತಿತು. ಅವರು ಕಪ್ಪು ತುಟಿ ತೆರೆದವರು ಮುಚ್ಚಲೇ ಇಲ್ಲ.

ಮೂವರೂ ಬೀದಿಯುದ್ದಕ್ಕೂ ಓಡಿದೆವು. ಕಚೇರಿ ತಲುಪಿದಾಗ ಹನ್ನೊಂದು ಇಪ್ಪತ್ತೊಂಬತ್ತು. ಗುಮಾಸ್ತ ತಲೆಯೆತ್ತದೆ ಕೇಳಿದ, "ವಧುವಿನ ವಯಸ್ಸು?"

"ಐವತ್ತೆರಡು!" ಎಂದೆ. ಕಚೇರಿಯೆಲ್ಲ ತಿರುಗಿ ನೋಡಿತು. ಎದೆಯಳತೆಯನ್ನೂ ಹೇಳಿಬಿಡುತ್ತಿದ್ದೆ, ಅಷ್ಟರಲ್ಲಿ ತಂಗಿ ಕಾಲು ತುಳಿದಳು.