ಹದಿನೆಂಟು ಮೆಟ್ಟಿಲ ಮೇಲಿನ ಕೋರ್ಟು

ಕೋರ್ಟಿನ ಕಾವಲುಗಾರ ಗವ್ರಿಲನ ಮೂಗು ಮುರಿದವನು ನಾನೇ. ಪೊಲೀಸರಿಗೂ ಇದನ್ನೇ ಹೇಳಿದೆ, ಜೈಲಿಗೆ ಬರುವ ಪಾದ್ರಿಗೂ ಇದನ್ನೇ ಹೇಳಿದೆ. "ಪಶ್ಚಾತ್ತಾಪ ಇದ್ಯಾ ಕೊಸ್ತಾಕೆ?" ಎಂದು ಪಾದ್ರಿ ಕೇಳಿದರು. "ಇದೆ ಫಾದರ್. ಎಡಗೈಲಿ ಹೊಡೀಬೇಕಿತ್ತು, ಬಲಗೈ ಇನ್ನೂ ಊದ್ಕೊಂಡಿದೆ" ಎಂದೆ. ಅವರು ಶಿಲುಬೆಯ ಗುರುತು ಮಾಡಿಕೊಂಡು ಎದ್ದು ಹೋದರು.

ನಾನು ಮಾರುಕಟ್ಟೆಯಲ್ಲಿ ಹಂದಿ ಮಾಂಸ ಮಾರುವವನು. ಡಾನ್ಯೂಬ್ ದಂಡೆಯ ನಮ್ಮೂರಿನಲ್ಲಿ ನನ್ನ ಬೆನ್ನು ಯಾರಿಗೆ ಗೊತ್ತಿಲ್ಲ? ಮೂವತ್ತು ವರ್ಷ ನನ್ನ ತಂಗಿ ಸಫ್ತಾ ಅದರ ಮೇಲೇ ಓಡಾಡಿದ್ದಾಳೆ. ಹದಿನಾಲ್ಕನೇ ವಯಸ್ಸಿನಲ್ಲಿ ಚೆರ್ರಿ ಮರದಿಂದ ಬಿದ್ದು ಅವಳಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಶಾಲೆಗೆ ಹೊತ್ತೆ, ಮದುವೆ ಮನೆಗಳಿಗೆ ಹೊತ್ತೆ. ಗುಡ್ ಫ್ರೈಡೇ ದಿನ ಊರಿನವರೆಲ್ಲ ಹರಕೆಯಂತೆ ಚರ್ಚಿನ ಮೇಜಿನ ಕೆಳಗೆ ನುಸುಳುವಾಗ ಅವಳನ್ನು ಬೆನ್ನಿಗೇರಿಸಿಕೊಂಡು ಅಂಬೆಗಾಲಿನಲ್ಲಿ ನಾನೂ ನುಸುಳಿದೆ. ನಮ್ಮವರಿಗೆ ಇದೊಂದು ಹೆಮ್ಮೆ. "ನಮಗ್ಯಾಕೆ ಲಿಫ್ಟು? ನಮ್ಮೋರನ್ನ ನಾವೇ ಎತ್ಕೋತೀವಿ" ಅನ್ನುತ್ತಾರೆ. ಕುಡಿದಾಗ ನಾನೂ ಕಣ್ಣೊರೆಸಿಕೊಂಡು ಹಾಗೇ ಅಂದಿದ್ದೇನೆ.

ಮೂರು ವರ್ಷದ ಹಿಂದೆ ಪುರಸಭೆಯವರು ಆಸ್ಪತ್ರೆಯ ಬಾಗಿಲಿಗೆ ಗಾಲಿಕುರ್ಚಿಯವರಿಗೆಂದು ರ‍್ಯಾಂಪ್ ಕಟ್ಟಿದರು. ನಿಯಮದ ಪ್ರಕಾರ ಒಂದು ಮೀಟರ್ ಉದ್ದಕ್ಕೆ ಎಂಟು ಸೆಂಟಿಮೀಟರಿಗಿಂತ ಹೆಚ್ಚು ಏರಬಾರದು. ಇವರು ಮೂವತ್ತು ಏರಿಸಿದರು, ಮೇಲೆ ನುಣುಪಾದ ಟೈಲ್ಸ್ ಹಾಕಿದರು, ಫೋಟೊ ತೆಗೆದು ಪ್ರಮಾಣಪತ್ರ ಗಿಟ್ಟಿಸಿಕೊಂಡರು. ಸಫ್ತಾ ಅದನ್ನು ನಂಬಿ ಒಬ್ಬಳೇ ಇಳಿಯಲು ಹೋದಳು. ಕುರ್ಚಿ ಜಾರಿ, ಕೆಳಗಿದ್ದ ಕಬ್ಬಿಣದ ಕಂಬಕ್ಕೆ ಅವಳ ಮುಖ ಅಪ್ಪಳಿಸಿತು. ದವಡೆ ಎರಡು ಕಡೆ ಮುರಿಯಿತು. ನಾನು ಅಂಗಡಿಯಿಂದ ಓಡಿ ಬಂದಾಗ ಅವಳು ರಕ್ತದಲ್ಲಿ ಕೈಯಾಡಿಸಿ ತನ್ನ ಹಲ್ಲು ಹುಡುಕುತ್ತಿದ್ದಳು. ದಿನಾ ರಕ್ತದಲ್ಲೇ ಬದುಕುವ ನಾನು ಅವತ್ತು ವಾಂತಿ ಮಾಡಿಕೊಂಡೆ.

ದವಡೆಗೆ ಬಿಗಿದ ತಂತಿ ಬಿಚ್ಚಿದ ವಾರವೇ ಅವಳು ಪುರಸಭೆಯ ಮೇಲೆ ಕೇಸು ಹಾಕಿದಳು. ಆ ರ‍್ಯಾಂಪ್ ಒಡೆಯಬೇಕು, ಯಾರ ಕೈಯೂ ತಾಗದೆ ಒಬ್ಬರೇ ಹೋಗಿಬರುವಂತೆ ಹೊಸದು ಕಟ್ಟಬೇಕು. ಅವಳು ಕೇಳಿದ್ದು ಇಷ್ಟೇ. ಆದರೆ ನಮ್ಮ ಕೋರ್ಟು ಇರುವುದೇ ಮಹಡಿಯಲ್ಲಿ, ಹದಿನೆಂಟು ಮೆಟ್ಟಿಲ ಮೇಲೆ. ಮೊದಲ ವಿಚಾರಣೆಗೆ ನಾನು ಎಂದಿನಂತೆ ಅವಳನ್ನು ಹೊತ್ತುಕೊಂಡು ಹೋದೆ.

ಪುರಸಭೆಯ ವಕೀಲ ಪ್ರಾಲೆಯಾ ಟೈ ಸರಿಮಾಡಿಕೊಂಡು ಎದ್ದ. "ಮಹಾಸ್ವಾಮಿ, ದಯವಿಟ್ಟು ಬರ್ಕೋಬೇಕು. ಅರ್ಜಿದಾರರು ಯಾವ ತೊಂದ್ರೇನೂ ಇಲ್ದೆ ಮೇಲೆ ಬಂದಿದ್ದಾರೆ. ಅಣ್ಣನ ಬೆನ್ನು ಕೋರ್ಟಿಗೆ ಸಾಕಾದ್ರೆ ಆಸ್ಪತ್ರೆಗ್ಯಾಕೆ ಸಾಲ್ದು?" ಜನ ನಕ್ಕರು. ನ್ಯಾಯಾಧೀಶರು ಬರೆಸಿಯೇಬಿಟ್ಟರು. ನನ್ನ ಕೈಯಾರೆ ನಾನೇ ಅವಳ ಕೇಸಿಗೆ ಕಲ್ಲು ಹಾಕಿದ್ದೆ.

"ಅಣ್ಣ, ಇನ್ನೊಂದ್ಸಲ ಎತ್ತಿದ್ರೆ ಕೇಸು ಸತ್ತಂಗೆ" ಎಂದಳು ಮನೆಯಲ್ಲಿ. "ನೀನೂ ಮುಟ್ಟಬೇಡ, ಯಾರಿಗೂ ಮುಟ್ಟಕ್ ಬಿಡಬೇಡ. ಆಣೆ ಮಾಡು."

ಅಮ್ಮನ ಸಮಾಧಿಯ ಮೇಲೆ ಆಣೆ ಮಾಡಿದೆ.

ಎರಡನೇ ಸಲ ಅವಳು ಮೆಟ್ಟಿಲ ಬುಡದಲ್ಲೇ ಕೂತು, ನೆಲಮಹಡಿಯ ಕಡತದ ಕೋಣೆಯಲ್ಲಿ ವಿಚಾರಣೆ ನಡೆಸಿ ಎಂದು ಚೀಟಿ ಕಳಿಸಿದಳು. ಮೇಲಿನವರು 'ಗೈರುಹಾಜರು' ಎಂದು ಬರೆದುಕೊಂಡರು. ಮೂರನೇ ಸಲವೂ ಗೈರಾದರೆ ಕೇಸು ವಜಾ.

ಆ ಮೂರನೇ ಸಲದ ಬೆಳಿಗ್ಗೆ, ಅವಳನ್ನು ಮೇಲೆ ಕರೆತನ್ನಿ ಎಂದು ಅಪ್ಪಣೆಯಾಯಿತು. ಗವ್ರಿಲ ಇನ್ನೊಬ್ಬ ಕಾವಲುಗಾರನ ಜೊತೆ ಇಳಿದು ಬಂದ.

"ಬನ್ನಿ ಮೇಡಂ, ಹೂವಿನಂಗೆ ಎತ್ಕೋತೀವಿ."

"ಮುಟ್ಟಬೇಡಿ."

"ಒಳ್ಳೇದು ಮಾಡಕ್ ಬಂದ್ರೆ ನಿಮ್ದೊಳ್ಳೆ ಜಂಭ ಕಣ್ರೀ" ಎಂದು ಅವನು ಅವಳ ಕಂಕುಳಿಗೆ ಕೈ ಹಾಕಿದ. ಸಫ್ತಾ ಅವನ ಮಣಿಕಟ್ಟು ಕಚ್ಚಿದಳು, ರಕ್ತ ಬರುವಂತೆ ಕಚ್ಚಿದಳು. ಅವನು ಕೂಗಿಕೊಂಡು ಅವಳ ಕೆನ್ನೆಗೆ ಬಾರಿಸಿದ, ಅದೇ ದವಡೆಯ ಮೇಲೆ. ಅವನ ಮೂಗು ಹೋದದ್ದು ಆಗಲೇ. ಇನ್ನೊಬ್ಬನ ಲಾಠಿ ನನ್ನ ಪಕ್ಕೆಗೆ ಬಿತ್ತು. ಪಕ್ಕೆಲುಬು ಮುರಿಯುವ ಸದ್ದು ನನಗೆ ಚೆನ್ನಾಗಿ ಗೊತ್ತು, ಆದರೆ ಈ ಸಲ ಅದು ನನ್ನದಾಗಿತ್ತು. ನಾನು ಉಸಿರು ಸಿಗದೆ ನೆಲಕ್ಕೆ ಬಿದ್ದಾಗ ಇಬ್ಬರೂ ಸೇರಿ ಅವಳ ಕೈಕಾಲು ಹಿಡಿದು ಮೂಟೆಯಂತೆ ಮೇಲಕ್ಕೆ ಎಳೆದುಕೊಂಡು ಹೋದರು. ಐದನೇ ಮೆಟ್ಟಿಲಲ್ಲಿ ಅವಳು ಕೊಸರಿಕೊಂಡು ಗವ್ರಿಲನ ಕಣ್ಣಿಗೆ ಮೊಣಕೈಯಿಂದ ತಿವಿದಳು. ಅವರು ಕೈಬಿಟ್ಟರು. ಅವಳ ತಲೆ ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಬಂದು ನನ್ನ ಪಕ್ಕದಲ್ಲಿ ನಿಂತಿತು. ಹುಬ್ಬು ಸೀಳಿ ಮೂಳೆ ಕಾಣುತ್ತಿತ್ತು.

ಗಲಾಟೆ ಕೇಳಿ ನ್ಯಾಯಾಧೀಶರು ಕಪ್ಪು ಗೌನಿನಲ್ಲೇ ಮೇಲಿನ ಮೆಟ್ಟಿಲಿಗೆ ಬಂದರು.

"ನಾನು ಹಾಜರಿದ್ದೀನಿ" ಎಂದು ಸಫ್ತಾ ಬಿದ್ದಲ್ಲಿಂದಲೇ ಕಿರುಚಿದಳು. "ಬರ್ಕೊಳಿ!"

"ಮೇಲೆ ಬಾರಮ್ಮ."

"ನೀವು ಕೆಳಗೆ ಬನ್ನಿ."

ಅವರು ರಕ್ತ ನೋಡಿ ಸ್ವಲ್ಪ ಮೆತ್ತಗಾದರು. ನನ್ನ ಕಡೆ ತಿರುಗಿ, "ಕೊಸ್ತಾಕೆ, ನಿನಗಾದ್ರೂ ಬುದ್ಧಿ ಬೇಡ್ವಾ? ತಂಗೀನ ಎತ್ಕೊಂಡ್ ಬಾ. ಇವತ್ತೇ ಅವಳ ಪರವಾಗಿ ತೀರ್ಪು ಕೊಟ್ಟು ಮುಗಿಸ್ತೀನಿ" ಎಂದರು. ನ್ಯಾಯಾಧೀಶರಾದವರು ಆಡಬಾರದ ಮಾತು, ಆದರೆ ಆಡಿದರು.

ಪಕ್ಕೆ ಹಿಡಿದುಕೊಂಡು ಎದ್ದೆ. ನನ್ನ ಬೆನ್ನು ತಾನಾಗಿ ಬಾಗಿತು. ಮೂವತ್ತು ವರ್ಷದ ಅಭ್ಯಾಸ. ಸಫ್ತಾ ನನ್ನ ಕತ್ತಿಗೆ ಮುಷ್ಟಿಯಿಂದ ಗುದ್ದಿದಳು.

"ಗೆಲ್ತೀಯ ಕಣೇ! ಕೇಳಿಸ್ಲಿಲ್ವಾ?" ಎಂದು ಬೇಡಿಕೊಂಡೆ.

"ಅಣ್ಣ ಇಲ್ದೋಳು ಏನ್ ಮಾಡ್ಬೇಕು? ಹೇಳು. ಅವಳು ಏನ್ ಮಾಡ್ಬೇಕು?"

ಮೈಯೆಲ್ಲ ಉರಿಯಿತು. ಹದಿನೆಂಟು ಮೆಟ್ಟಿಲು ಹತ್ತಿದೆ. ಮುರಿದ ಪಕ್ಕೆಲುಬು ಒಂದೊಂದು ಮೆಟ್ಟಿಲಿಗೂ ಒಳಗೆ ಚುಚ್ಚುತ್ತಿತ್ತು. ನ್ಯಾಯಾಧೀಶರ ಸೊಂಟ ಹಿಡಿದು, ಅರ್ಧ ಹಂದಿಯನ್ನು ಹಾಕಿಕೊಳ್ಳುವಂತೆ ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದೆ. ಅವರ ಬೂಟು ನನ್ನ ತುಟಿ ಒಡೆಯಿತು. "ಬಿಡೋ! ಮುಟ್ಟಬೇಡ! ನನ್ನ ಕೇಳ್ದೆ ಹೆಂಗೋ ಎತ್ತುತೀಯ?" ಎಂದು ಅರಚಿದರು.

ಗೋಡೆಗಂಟಿ ನಿಂತಿದ್ದ ಪ್ರಾಲೆಯಾನಿಗೆ ಹೇಳಿದೆ: "ವಕೀಲ್ರೇ, ಬರ್ಕೊಳಿ. ಮಹಾಸ್ವಾಮಿಗಳು ಯಾವ ತೊಂದ್ರೇನೂ ಇಲ್ದೆ ಕೆಳಗೆ ಬಂದ್ರು."

ಸಫ್ತಾಳ ಎದುರು ಅವರನ್ನು ಇಳಿಸಿದೆ. ಐದಾರು ಜನ ನೀರು ಹಿಡಿದು, ಕುರ್ಚಿ ಹಿಡಿದು, ನೋವಾಯ್ತಾ ಸ್ವಾಮಿ ಎಂದು ಓಡಿ ಬಂದರು. ಸಫ್ತಾ ತನ್ನ ಹುಬ್ಬಿನ ರಕ್ತವನ್ನು ತಾನೇ ತೋಳಿನಿಂದ ಒರೆಸಿಕೊಂಡಳು. ಆಮೇಲೆ ಲಾಠಿಗಳು ನನ್ನ ಮೇಲೆ ಬಿದ್ದವು. ಮೂರನೇ ಏಟಿನ ನಂತರದ್ದು ನೆನಪಿಲ್ಲ.

ನನಗೆ ಒಂದು ವರ್ಷ ಎಂಟು ತಿಂಗಳ ಶಿಕ್ಷೆ ಆಯಿತು. ಹೊಸ ನ್ಯಾಯಾಧೀಶರು ಸಫ್ತಾಳ ಕೇಸನ್ನು ನೆಲಮಹಡಿಯ ಕಡತದ ಕೋಣೆಯಲ್ಲೇ ಕೇಳಿದರು. ಭದ್ರತೆಯ ಕಾರಣಕ್ಕೆ ಎಂದು ಬರೆಸಿದರಂತೆ. ಕಾನೂನು ಮಾಡದ ಕೆಲಸವನ್ನು ಹೆದರಿಕೆ ಮಾಡಿತು. ಅವಳು ಗೆದ್ದಳು. ರ‍್ಯಾಂಪ್ ಒಡೆದು ಹಾಕಿದರು.

ಹೋದ ತಿಂಗಳು ನನ್ನನ್ನು ನೋಡಲು ಜೈಲಿಗೆ ಬಂದಳು. ಭೇಟಿಯ ಕೋಣೆಗೆ ನಾಲ್ಕು ಮೆಟ್ಟಿಲು. ಎತ್ಕೋತೀವಿ ಬನ್ನಿ ಎಂದರಂತೆ ವಾರ್ಡರುಗಳು. ಅವಳು ಒಪ್ಪಲಿಲ್ಲ. ಬಾಗಿಲಿನ ಈಚೆ ನಿಂತ ನನಗೆ ಅವಳ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಏಳು ತಿಂಗಳಾಗಿತ್ತು ಅವಳ ಮುಖ ನೋಡಿ.

"ನಾಲ್ಕೇ ಮೆಟ್ಟಿಲು ಕಣೇ ಸಫ್ತಾ!" ಎಂದು ಕೂಗಿದೆ. ಹೌದು, ನಾನೇ ಕೂಗಿದೆ. "ಒಂದೇ ಒಂದ್ಸಲ!"

ಗಾಲಿಗಳು ತಿರುಗಿ ದೂರ ಹೋದ ಸದ್ದು ಬಂತು. ನಾನು ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತೆ.

ಮುಂದಿನ ವಾರ ಜೈಲಿನ ಮೇಲೆ ಅವಳ ಕೇಸಿನ ನೋಟಿಸು ಬಂತು. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.