ಎರಡು ಗುಳಿಗಳ ಪುಟ

ಚಳಿಗಾಲ ಕಳೆಯುತ್ತಿದ್ದ ಆ ಗುರುವಾರ, ಬೆಳಗ್ಗೆ ಏಳೂವರೆಗೆ, ಅವನು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ.

ಗಾಲ್ಫ್ ಕ್ಲಬ್ಬಿಗೆ ಎಪ್ಪತ್ತೈದು ತುಂಬಿತ್ತು. ಚರಿತ್ರೆ ಬರೆದುಕೊಡಲು ಕಾಲೇಜಿನಲ್ಲಿ ಇತಿಹಾಸ ಹೇಳುವ ಅವನನ್ನು ಹಿಡಿದಿದ್ದರು. ನಲವತ್ತನೆಯ ಪುಟವನ್ನು ಕಾರ್ಯದರ್ಶಿ ಸಮಿತಿಯೆದುರು ಓದಿದ. ಹುಲ್ಲು ನೋಡುವ ಆಳೊಬ್ಬ ಒಂಬತ್ತನೆಯ ಹುಲ್ಲುಹಾಸಿನಲ್ಲಿ ಹೊಸ ಗುಳಿ ತೋಡಿ ಹಳೆಯದನ್ನು ಮುಚ್ಚಲು ಮರೆತದ್ದು, ಅಧ್ಯಕ್ಷರ ಚೆಂಡು ಹಳೆಯದರೊಳಗೆ ಬಿದ್ದು ಪಂದ್ಯ ಕೆಟ್ಟದ್ದು, ಆಳನ್ನು ಸಂಜೆಯೊಳಗೆ ಓಡಿಸಿದ್ದು. ಗುಳಿ ಎರಡೆರಡು ಕಂಡಾಗ ಅಧ್ಯಕ್ಷರಿಗೆ ಕುಡಿದದ್ದೆಲ್ಲ ಇಳಿದಿರಬೇಕು ಎಂದು ಯಾರೋ ಒಗ್ಗರಣೆ ಹಾಕಿದರು.

ಆ ಆಳು ಅವನ ಅಪ್ಪ. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಇಪ್ಪತ್ತೆರಡು ವರ್ಷ ಕಲ್ಲುನೆಲವನ್ನು ಹಸಿರು ಮಾಡಿದ ಕಥೆಯೂ ನಾಲ್ಕು ಪುಟ ಇತ್ತು. ಕಾರ್ಯದರ್ಶಿ ಅದರ ಮೇಲೆ ಗೀಟೆಳೆದ.

"ತಮಾಷೆ ಇರ್ಲಿ ಸಾರ್. ಮಿಕ್ಕಿದ್ದು ಯಾರು ಓದ್ತಾರೆ? ಆ ಮನುಷ್ಯನ ಹೆಸರು ಹಾಕೋಣ್ವಾ?"

"ಬೇಡ ಬಿಡಿ. ಯಾರಿಗೆ ನೆನಪಿದೆ."

ಸಹಿ ಹಾಕಿ ಹೊರಬಂದ. ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಒಳಹೋಗಿ ಅದು ನನ್ನಪ್ಪ ಎಂದು ಒಂದು ಮಾತು ಹೇಳಿದರೆ ಸಾಕು. ಆದರೆ ಅವನ ಕಾಲು ಒಂಬತ್ತನೆಯ ಹುಲ್ಲುಹಾಸಿನತ್ತ ನಡೆಯಿತು.

ಈಗ ಹುಲ್ಲು ನೋಡುವ ಹುಲ್ಲಜ್ಜ ಅಲ್ಲಿದ್ದ; ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಒಂದೇ ಕಡೆ ತುಳಿದರೆ ಹುಲ್ಲು ಸಾಯುತ್ತದೆಂದು ಗುಳಿಯ ಜಾಗವನ್ನು ಆಗಾಗ ಬದಲಿಸಬೇಕು. ಕೊಳವೆಯಂಥ ಅಲಗನ್ನು ತಿರುಗಿಸಿ ಮಣ್ಣಿನ ಗಟ್ಟಿಯನ್ನು ಹುಲ್ಲು ಸಮೇತ ಎತ್ತಿ, ಅದನ್ನೇ ಹಳೆಯ ಗುಳಿಗೆ ಇಟ್ಟು ಒತ್ತುವುದು. ಚೆನ್ನಾಗಿ ಒತ್ತಿದರೆ ಗುರುತೇ ಉಳಿಯದು.

"ಅಪ್ಪನ ವಿಷ್ಯ ಬರೆದ್ರಾ ಮೇಷ್ಟ್ರೇ?"

"ಬರೆದೆ."

"ಏನಂದ್ರು ಅವ್ರು?"

"ಎಲ್ರೂ ಖುಷಿಪಟ್ರು."

ಅಜ್ಜನ ಕಣ್ಣು ತುಂಬಿತು. ಆಗಷ್ಟೇ ಕಿತ್ತ ಗಟ್ಟಿಯನ್ನು ಅವನ ಅಂಗೈಗಳಲ್ಲಿಟ್ಟ. "ಇವತ್ತು ನೀವೇ ಇಡಿ. ನಿಮ್ಮಪ್ಪ ಅಳತೆ ಹಿಡೀತಿರ್ಲಿಲ್ಲ, ಕೈಯಲ್ಲೇ ನೋಡ್ತಿದ್ದ. ನಾನು ನೀರು ತರ್ತೀನಿ."

ಬಾವುಟವನ್ನು ಹೊಸ ಗುಳಿಗೆ ನೆಟ್ಟು ಅಜ್ಜ ನಲ್ಲಿಯ ಕಡೆ ಹೋದ.

ಅವನು ಮಂಡಿಯೂರಿದ. ಹಳೆಯ ಗುಳಿ ಅಂಗೈಯಗಲ, ಒಳಗೆ ಕತ್ತಲು. ಇಟ್ಟರೆ ಮುಗಿಯಿತು, ಗುರುತಿರುವುದಿಲ್ಲ. ಕೈ ಬರಲಿಲ್ಲ. ದೂರದಿಂದ ಆಟಗಾರರು ಪಕ್ಕಕ್ಕೆ ಸರಿಯುವಂತೆ ಕೂಗಿದರು. ಸರಿದ. ಸರಿಯುವುದು ರೂಢಿ. ಸರಿಯುತ್ತಲೇ ನಡೆದುಬಿಟ್ಟ.

ಕೈಯಲ್ಲೇನೆಂದು ಗೇಟಿನ ಕಾವಲುಗಾರ ಕೇಳಿದಾಗಲೇ ನೋಡಿಕೊಂಡದ್ದು: ಗಟ್ಟಿ ಇನ್ನೂ ಕೈಯಲ್ಲೇ ಇತ್ತು. ಹಿಂದೆ, ಒಂಬತ್ತನೆಯ ಹುಲ್ಲುಹಾಸಿನಿಂದ, ಮೊದಲು ನಗು ಕೇಳಿಸಿತು. ಆಮೇಲೆ ಯಾರೋ ಅಜ್ಜನನ್ನು ಹೆಸರು ಹಿಡಿದು ಕರೆದರು. ಹಿಂತಿರುಗಿದರೆ ಇನ್ನೂರು ಹೆಜ್ಜೆ.

"ಏನಿಲ್ಲ," ಎಂದು ಹೊರಬಿದ್ದ.

ಗುಳಿ ಮುಚ್ಚಲಿಲ್ಲವೆಂದು ಹುಲ್ಲಜ್ಜನನ್ನು ಕೆಲಸದಿಂದ ಕಳಿಸಿದ್ದು ಮರುದಿನ, ಶುಕ್ರವಾರ. ಮೇಷ್ಟರ ಮೇಜಿನ ಮೇಲೆ, ತಟ್ಟೆಯಲ್ಲಿ, ಆ ಗಟ್ಟಿಯ ಹುಲ್ಲು ಅಷ್ಟರಲ್ಲಿ ಒಂದು ಕೂದಲಷ್ಟು ಬೆಳೆದಿತ್ತು.